ಸುತಳಿಯ ಮೇಲಿನ ಹಸಿರು ಕಾಗದಗಳು

ಕೋಠಿ ಪೇಟೆಯ ಆ ಗಲ್ಲಿಗೆ ನಾನು ಎಂಟು ವರ್ಷದಿಂದ ಕಾಲಿಟ್ಟಿರಲಿಲ್ಲ. ನಾನಿರುವ ಲಿಂಗಂಪಲ್ಲಿಯಲ್ಲಿ ಸಿಗದ ಎಂಥ ಅಪರೂಪದ ವಸ್ತು ಕೋಠಿಯಲ್ಲಿದೆ, ಅಷ್ಟು ದೂರ ಯಾಕೆ ಒದ್ದಾಡಿಕೊಂಡು ಹೋಗಬೇಕು ಎಂದು ನನಗೆ ನಾನೇ ಹೇಳಿಕೊಂಡು ಕಾಲ ತಳ್ಳಿದ್ದೆ. ಈ ಜೂನಿನಲ್ಲಿ ನಮ್ಮ ಶಾಲೆಗೆ ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್ಸು ಪ್ರತಿ ತರಗತಿಯ ಗೋಡೆಯೂ ಪಾಠ ಹೇಳುವಂತಿರಬೇಕು ಎಂದು ಹುಕುಂ ಮಾಡಿದರು. ಇತಿಹಾಸದ ಗೋಡೆ ನನ್ನ ಪಾಲಿಗೆ ಬಂತು. ಅಗ್ಗಕ್ಕೆ, ಒಟ್ಟಿಗೆ ಕಾಗದ ಬೇಕೆಂದರೆ ಕೋಠಿಯೇ ಸರಿ ಎಂದು ಎಲ್ಲರೂ ಹೇಳಿದರು. ಹೋಗದೆ ಇರಲು ನನ್ನ ಹತ್ತಿರ ಹೇಳಿಕೊಳ್ಳುವಂಥ ಕಾರಣ ಇರಲಿಲ್ಲ.

ಮೊದಲ ಮಳೆ ಬಿದ್ದು ನಿಂತಿತ್ತು. ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಹೊಸ ಕಾಗದ, ಗೋಂದು, ನೆನೆದ ಗೋಣಿಚೀಲ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು ತಲೆ ಎತ್ತದೆ, "ಕೌನ್ ಸಾ ಕಲರ್ ದೂಂ, ಮೇಡಂ?" ಎಂದ. ಯಾವ ಬಣ್ಣ? ಅಷ್ಟೇ ಪ್ರಶ್ನೆ. ಹಿಂದಿನವರು ಸರಿಯಿರಿ ಎಂದರು, ಸರಿದೆ. ಪಕ್ಕದ ಬಟ್ಟೆ ಅಂಗಡಿಯ ಮುಂದೆ ಹಮಾಲರು ಥಾನುಗಳ ಗಂಟು ಇಳಿಸುತ್ತಿದ್ದರು. ಅವರಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ನಾನು ಹುಡುಕುತ್ತಿದ್ದ ಮುಖ ಅಲ್ಲಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ನಾನು ಇಲ್ಲಿಂದ ಬಹಳ ದೂರವೇನಲ್ಲದ ಒಂದು ಸರ್ಕಾರಿ ಶಾಲೆಯಲ್ಲಿದ್ದೆ. ಒಂದೇ ಸೂರಿನ ಕೆಳಗೆ ಮೂರು ಮಾಧ್ಯಮ: ತೆಲುಗು, ಉರ್ದು, ಮತ್ತು ಮೂಲೆಯ ಎರಡು ಕೋಣೆಗಳಲ್ಲಿ ಕನ್ನಡ. ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಅಲ್ಲಿ ಓದುತ್ತಿದ್ದರು. ಏಳನೇ ತರಗತಿಯಲ್ಲಿ ಒಂಬತ್ತೇ ಮಂದಿ. ಕನ್ನಡದ ಮೇಷ್ಟ್ರು ನಿವೃತ್ತರಾಗಿ ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ, ಹಾಗಾಗಿ ಕನ್ನಡವೂ ಸಮಾಜವೂ ನನ್ನ ತಲೆಗೇ. ಸ್ಟಾಫ್‌ರೂಮಿನಲ್ಲಿ ತೆಲುಗು, ಉರ್ದು ನಡೆಯುತ್ತಿತ್ತು. ಅವರು ನಕ್ಕಾಗ ನಾನೂ ಒಂದು ಕ್ಷಣ ತಡವಾಗಿ ನಗುತ್ತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಅವ್ವ ತೀರಿಕೊಂಡಿದ್ದಳು. ನಾನು ಮದುವೆಯಾದವಳಲ್ಲ. ಕಾಚಿಗುಡದ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೇ ಇದ್ದದ್ದು, ಈಗ ನಾನೊಬ್ಬಳೇ ಆದೆ. ಮನೆಯಲ್ಲಿ ಕನ್ನಡ ಆಡುವ ಬಾಯಿ ಹೋಯಿತು. ಬೀಗ ತೆಗೆದು ಒಳಗೆ ಹೋದರೆ ಮರುದಿನ ಶಾಲೆಗೆ ಬರುವತನಕ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಒಂಬತ್ತು ಮಕ್ಕಳು ಆಡುವ ಕನ್ನಡವೇ ನನ್ನ ಇಡೀ ದಿನದ ಕನ್ನಡ.

ಅವರಲ್ಲಿ ರೆಹಾನಾ ಎಂಬ ಹುಡುಗಿ. ಚಿಂಚೋಳಿ ಕಡೆಯವಳು, ಅಲ್ಲಿ ಆರನೇತ್ತೆಯವರೆಗೆ ಕನ್ನಡದಲ್ಲೇ ಓದಿದ್ದಳು. ಅಪ್ಪ ಮೌಲಾಸಾಬ್ ಕೋಠಿಯಲ್ಲಿ ಹಮಾಲಿ. ಮನೆಯಲ್ಲಿ ಅರ್ಧ ದಖ್ಖನಿ ಉರ್ದು, ಅರ್ಧ ಕನ್ನಡ. ನಮ್ಮವ್ವನ ತವರೂ ಚಿಂಚೋಳಿಯೇ. ಮೊದಲ ದಿನ ರೆಹಾನಾ ಎದ್ದು ನಿಂತು, "ಹೊತ್ತು ಮುಣಗೂದ್ರಾಗ ಮನೀಗಿ ಹೋಗಬೇಕ್ರಿ ಟೀಚರ್" ಎಂದಾಗ ನನ್ನ ಕೈಯಲ್ಲಿದ್ದ ಚಾಕ್ ಅಲ್ಲೇ ನಿಂತಿತು. ಆ ಮಾತನ್ನು ಹಾಗೇ, ಅದೇ ರಾಗದಲ್ಲಿ ಅವ್ವ ಹೇಳುತ್ತಿದ್ದಳು. ಆಮೇಲೆ ಬೇಕಂತಲೇ ಆ ಹುಡುಗಿಯನ್ನು ಎಬ್ಬಿಸಿ ಏನಾದರೂ ಕೇಳುತ್ತಿದ್ದೆ. ಅವಳು ಜಾಣೆ, ಅದೂ ಇತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಅವಳ ಉತ್ತರಕ್ಕಿಂತ ಅವಳ ಬಾಯಿಯ ಕನ್ನಡ.

ರೆಹಾನಾಳ ಬೆಂಚಿನಲ್ಲಿ ಕೂರುತ್ತಿದ್ದವಳು ಗೌರಿ. ಆಳಂದ ಕಡೆಯ ಲಿಂಗಾಯತರ ಹುಡುಗಿ, ಕೊರಳಲ್ಲಿ ಕರಡಿಗೆ. ಅವಳಪ್ಪ ಅಬಿಡ್ಸಿನ ಒಂದು ಹೋಟೆಲಿನಲ್ಲಿ ರೊಟ್ಟಿ ಮಾಡುತ್ತಿದ್ದ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ರೊಟ್ಟಿ ಗೌರಿಯದು, ಉಪ್ಪಿನಕಾಯಿ ರೆಹಾನಾಳದು. ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ಕೇಳಿದರೆ ಗೌರಿ ನಾಚಿಕೊಂಡು ಸುಮ್ಮನಾಗುತ್ತಿದ್ದಳು. ರೆಹಾನಾ ಮಾತ್ರ ತಡಮಾಡದೆ, "ನಿಮ್ಮಂಗ ಇತಿಹಾಸದ ಟೀಚರ್ ಆಗತೀನ್ರಿ" ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ನಾನು ಕೋಣೆಗೆ ಹೋಗಿ ಒಬ್ಬಳೇ ಎರಡು ಬಾರಿ ಚಹಾ ಮಾಡಿಕೊಂಡು ಕುಡಿದಿದ್ದೆ.

ಆ ವರ್ಷ ನಮ್ಮ ಕನ್ನಡದ ಪುಸ್ತಕಗಳು ತಡವಾದವು. ಏಳನೇತ್ತೆಯ ಇತಿಹಾಸವೆಂದರೆ ಏಳುನೂರು ವರ್ಷದ ರಾಜರ ಸಂತೆ. ಪುಸ್ತಕವಿಲ್ಲದೆ ಮಕ್ಕಳ ತಲೆಯಲ್ಲಿ ಅದನ್ನು ಹೇಗೆ ಕೂರಿಸುವುದು? ಅವ್ವನ ಸಾಮಾನು ತೆಗೆಯುವಾಗ ಒಂದು ಸುತಳಿ ಉಂಡಿ ಸಿಕ್ಕಿತ್ತು. ಕಿರಾಣಿ ಪೊಟ್ಟಣ ಬಿಚ್ಚಿದಾಗಲೆಲ್ಲ ಸುತಳಿ ಎಸೆಯದೆ ಗಂಟು ಹಾಕಿ ಸುತ್ತಿಟ್ಟುಕೊಳ್ಳುವುದು ಅವಳ ಚಟ. ಆ ಉಂಡಿ ಬಿಚ್ಚಿ ತರಗತಿಯ ಬಾಗಿಲಿನಿಂದ ಕಿಟಕಿಯವರೆಗೆ ಗೋಡೆಗುಂಟ ಕಟ್ಟಿದೆ. ಒಂದು ಗೇಣು ಎಂದರೆ ಐವತ್ತು ವರ್ಷ. ಒಬ್ಬೊಬ್ಬ ರಾಜನಿಗೂ ಒಂದೊಂದು ಕಾಗದದ ಚೀಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅವನವನ ಗೇಣಿನಲ್ಲಿ ಸಿಕ್ಕಿಸಬೇಕು.

ಚೀಟಿಗೆ ಬಣ್ಣ ಬೇಕಿತ್ತು. ಇದೇ ಕೋಠಿಯ ಅಂಗಡಿಗೆ ಬಂದು ಕಾಗದ ಕೊಂಡೆ. ಕಾಕತೀಯರು, ಹೊಯ್ಸಳರು, ವಿಜಯನಗರದವರು ಕೇಸರಿ. ದಿಲ್ಲಿಯ ಸುಲ್ತಾನರು, ಬಹಮನಿಗಳು, ಗೋಲ್ಕೊಂಡದವರು ಹಸಿರು. ಹೊರದೇಶದ ಪ್ರವಾಸಿಗಳಿಗೆ ಬಿಳಿ. ಸಂತರಿಗೆ ಬಣ್ಣ ಇಡಲಿಲ್ಲ, ಅವರು ಸಿಲಬಸ್ಸಿನಲ್ಲಿ ಕೊನೆಗೆ ಬರುತ್ತಾರೆ, ಆಗ ನೋಡಿಕೊಂಡರಾಯಿತು ಎಂದುಕೊಂಡೆ. ಯಾವ ದುರುದ್ದೇಶವೂ ಇರಲಿಲ್ಲ. ನೆನಪಿಟ್ಟುಕೊಳ್ಳಲು ಸುಲಭ, ಅಷ್ಟೇ. ಹಾಗೆ ಬೇರೆ ಮಾಡಬಾರದು ಎಂದು ಕೈ ಒಂದು ಸಲವೂ ತಡೆಯಲಿಲ್ಲ. ಈಗ ಯೋಚಿಸಿದರೆ ಅದೇ ನನಗೆ ಭಯ ಹುಟ್ಟಿಸುತ್ತದೆ.

ತಮಾಷೆಯೆಂದರೆ ಪ್ರತಿ ವರ್ಷ ಮೊದಲ ದಿನ ನಾನು ಮಕ್ಕಳಿಗೆ ಒಂದು ಭಾಷಣ ಬಿಗಿಯುತ್ತಿದ್ದೆ. ಇತಿಹಾಸದ ಕ್ಲಾಸಿನಲ್ಲಿ ಯಾರ ದೇವರು ದೊಡ್ಡವನು, ಯಾರ ಜಾತಿ ಯಾವುದು, ಅದೆಲ್ಲ ಬೇಡ. ಧರ್ಮದ ಮಾತನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ. ಆ ವರ್ಷವೂ ಹೇಳಿದೆ. ಹೇಳಿ ಮುಗಿಸುವುದರೊಳಗೆ ಏಳುನೂರು ವರ್ಷಕ್ಕೆ ಕೇಸರಿ, ಹಸಿರು ಕತ್ತರಿಸಿ ಗೋಡೆಗೆ ಹಾಕಿದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಸುತಳಿ ಬಹಳ ಚೆನ್ನಾಗಿ ಕೆಲಸ ಮಾಡಿತು. ಜುಲೈ, ಆಗಸ್ಟಿನ ಮಳೆಯಲ್ಲಿ ಕಿಟಕಿಯಿಂದ ಗಾಳಿ ಬಂದಾಗ ರಾಜರೆಲ್ಲ ಒಟ್ಟಿಗೆ ಪಟಪಟ ಎನ್ನುತ್ತಿದ್ದರು. ಮಕ್ಕಳು ಕಣ್ಣು ಮುಚ್ಚಿಕೊಂಡು ಯಾವ ಗೇಣಿನಲ್ಲಿ ಯಾರು ಎಂದು ಹೇಳುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಬಂದು ನೋಡಿ, ಬೇರೆ ಸೆಕ್ಷನ್ನಿನವರನ್ನೂ ಕರೆದು ತೋರಿಸಿದರು. ಸ್ಟಾಫ್‌ರೂಮಿನಲ್ಲಿ ಎರಡು ದಿನ ನನಗೂ ಒಂದು ಕುರ್ಚಿ, ಒಂದು ಮಾತು ಸಿಕ್ಕಿತು. ಒಂಟಿಯಾಗಿದ್ದವರಿಗೆ ಹೊಗಳಿಕೆ ಬೇಗ ತಲೆಗೇರುತ್ತದೆ. ನನಗೂ ಏರಿತು.

ಆಗಸ್ಟಿನ ಕೊನೆಗೆ ಕಿರು ಪರೀಕ್ಷೆ ಕೊಟ್ಟೆ. ವಿಜಯನಗರಕ್ಕೂ ಬಹಮನಿಗಳಿಗೂ ಮೇಲಿಂದ ಮೇಲೆ ಯುದ್ಧ ಯಾಕೆ ಆಗುತ್ತಿತ್ತು ಎಂಬುದು ಒಂದು ಪ್ರಶ್ನೆ. ಎರಡು ನದಿಗಳ ನಡುವಿನ ಫಲವತ್ತಾದ ನೆಲಕ್ಕಾಗಿ ಎಂದು ಪಾಠ ಮಾಡುವಾಗ ನಾನೇ ಹೇಳಿದ್ದೆ. ಒಂಬತ್ತರಲ್ಲಿ ಆರು ಮಂದಿ ಬರೆದ ಉತ್ತರ ಒಂದೇ ಆಗಿತ್ತು: ಅವರ ಕಾಗದದ ಬಣ್ಣ ಬೇರೆ ಬೇರೆ ಇದ್ದವು, ಅದಕ್ಕೆ. ರೆಹಾನಾ ಮಾತ್ರ, ಅದು ಕರಿ ಭೂಮಿ, ನಮ್ಮ ಅಜ್ಜಿಯ ತವರು ಅದೇ ಕಡೆ, ಅಲ್ಲಿ ಜೋಳ ಬಹಳ ಬೆಳೆಯುತ್ತದೆ, ಅದಕ್ಕೆ ಇಬ್ಬರಿಗೂ ಅದು ಬೇಕಾಗಿತ್ತು ಎಂದು ಬರೆದಿದ್ದಳು. ನಾನು ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಆ ಆರು ಉತ್ತರಗಳನ್ನು ಸ್ಟಾಫ್‌ರೂಮಿನಲ್ಲಿ ಓದಿ ಹೇಳಿ ಎಲ್ಲರನ್ನೂ ನಗಿಸಿದೆ. ಆ ದಿನ ಎಲ್ಲರ ಜೊತೆಗೆ, ಸರಿಯಾದ ಹೊತ್ತಿಗೆ ನಕ್ಕವಳು ನಾನು. ಆ ಆರು ಮಕ್ಕಳು ನನಗೆ ಏನು ಹೇಳುತ್ತಿದ್ದಾರೆ ಎಂಬುದು ಮಾತ್ರ ತಿಳಿಯಲಿಲ್ಲ.

ಆಮೇಲೆ ನನ್ನ ಕಣ್ಣಿಗೆ ಬಿದ್ದೂ ಬೀಳದಂತಿದ್ದವು ಕೆಲವು ಸಂಗತಿಗಳು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಚೀಟಿಗಳನ್ನು ಎಣಿಸುತ್ತಿದ್ದರು, ನಮ್ಮವು ಎಷ್ಟು, ಅವರವು ಎಷ್ಟು ಎಂದು. ನಾನು ಹಸಿರು ಚೀಟಿಯ ಕಡೆ ಕೋಲು ತೋರಿಸಿದರೆ ಏಳು ತಲೆಗಳು ಮೂರನೇ ಬೆಂಚಿನ ಕಡೆ ತಿರುಗುತ್ತಿದ್ದವು. ಯಾರೋ ಒಬ್ಬ ಸುಲ್ತಾನ ಗುಡಿ ಒಡೆಸಿದ ಎಂದಾಗಲೂ ತಿರುಗುತ್ತಿದ್ದವು, ಇನ್ನೊಬ್ಬ ಕೆರೆ ಕಟ್ಟಿಸಿದ ಎಂದಾಗಲೂ ತಿರುಗುತ್ತಿದ್ದವು. ಆ ಬೆಂಚಿನಲ್ಲಿ ರೆಹಾನಾ ನೋಟ್‌ಬುಕ್ಕಿನ ಅಂಚು ನೋಡುತ್ತಾ ಕೂತಿರುತ್ತಿದ್ದಳು. ಮಕ್ಕಳು ಪಾಠದಲ್ಲಿ ಮನಸ್ಸಿಟ್ಟಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ.

ದಸರಾ ರಜೆಗೆ ಮೊದಲು ಒಂದು ಮನೆಗೆಲಸ ಕೊಟ್ಟೆ. ನೀವಾಗಲಿ ಮನೆಯವರಾಗಲಿ ಹೋಗಿಬಂದ ಒಂದು ಹಳೆಯ ಜಾಗದ ಹೆಸರು ತನ್ನಿ, ಅದನ್ನೂ ಸುತಳಿಗೆ ಹಾಕೋಣ ಎಂದೆ. ಕೋಟೆ ಬಂತು, ಗುಡಿ ಬಂತು, ಚಾರ್‌ಮಿನಾರ್ ಬಂತು. ಗೌರಿ ತಂದದ್ದು ಅಷ್ಟೂರು. ಬೀದರಿನ ಹೊರಗೆ ಬಹಮನಿ ಸುಲ್ತಾನರ ಗುಂಬಜ್‌ಗಳಿರುವ ಊರು. ಅಲ್ಲಿ ಮಲಗಿರುವ ಒಬ್ಬ ಸುಲ್ತಾನನನ್ನು ಜನ ವಲಿ, ಅಂದರೆ ಸಂತ, ಎಂದು ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಉರುಸು. ಆ ಉರುಸಿಗೆ ಗೌರಿಯ ಸೀಮೆಯ ಜಂಗಮರೊಬ್ಬರು ಭಕ್ತರನ್ನು ಕಟ್ಟಿಕೊಂಡು ನಡೆದೇ ಹೋಗುತ್ತಾರೆ. ಶಂಖ ಊದುತ್ತಾರೆ, ಗೋರಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಗೌರಿಯ ಅಜ್ಜ ಆ ಗುಂಪಿನಲ್ಲಿ ಬರಿಗಾಲಲ್ಲಿ ನಡೆಯುವವ. ಆ ಕಡೆಯವರಿಗೆ ಇದೇನೂ ಸೋಜಿಗವಲ್ಲ, ಗೌರಿಯೂ ಸಲೀಸಾಗಿ ಹೇಳಿ ಮುಗಿಸಿದಳು. ರೆಹಾನಾ ಹಿಗ್ಗಿ, ತನ್ನ ಅಜ್ಜಿಯೂ ಅದೇ ಉರುಸಿಗೆ ಹೋಗುತ್ತಾಳೆ ಎಂದಳು.

ಆಗ ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು. ಇದಕ್ಕೆ ಯಾವ ಬಣ್ಣ?

ನಾನು ಅಲ್ಲಿಯೇ ನಿಲ್ಲಬೇಕಿತ್ತು. ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಇಡೀ ವಾರ ಅದನ್ನೇ ಪಾಠ ಮಾಡಬಹುದಿತ್ತು. ಬೆಲ್ಲಿಗೆ ಐದು ನಿಮಿಷವಿತ್ತು. ಸುಲ್ತಾನ ತಾನೇ, ಹಸಿರು ಎಂದು ಚೀಟಿ ಕತ್ತರಿಸಿ ಕೊಟ್ಟೆ. ಗೌರಿ ಚೀಟಿ ಹಿಡಿದುಕೊಂಡು ಕೂರಲಿಲ್ಲ.

"ನಮ್ಮಜ್ಜ ನಡಕೊಳ್ಳೋ ದೇವರ್ರಿ ಟೀಚರ್. ಹಸರು ಹಾಕಿದ್ರ ನಮ್ಮದು ಅಲ್ಲಂದಂಗ ಆಗತೈತಲ್ರಿ?"

ದೇವರ ಮಾತು ಇಲ್ಲಿ ಬೇಡ, ಹೊರಗೆ ಬಿಟ್ಟು ಬನ್ನಿ ಎಂದಿದ್ದೆನಲ್ಲ ಎಂದು ಗದರಿದೆ. ಯಾರೋ ಕಿಸಕ್ಕನೆ ನಕ್ಕರು. ಹಂಗಾದರೆ ಗೌರಿಯೂ ಹಸಿರು ಪಾರ್ಟಿ ಎಂದು ಯಾರೋ ಅಂದರು. ಬೆಲ್ಲಾಯಿತು. ಚೀಟಿಯನ್ನು ನಾನೇ ಬೀದರಿನ ಗೇಣಿನಲ್ಲಿ ಸಿಕ್ಕಿಸಿದೆ. ಮರುದಿನ ಗೌರಿ ಮುಂದಿನ ಬೆಂಚಿಗೆ ಹೋಗಿ ಕೂತಿದ್ದಳು. ಡಬ್ಬಿಯನ್ನೂ ಅಲ್ಲೇ ಬಿಚ್ಚಿದಳು. ಮೂರನೇ ಬೆಂಚಿನಲ್ಲಿ ರೆಹಾನಾ ಒಬ್ಬಳೇ ಉಳಿದಳು. ಮಕ್ಕಳ ಜಗಳ, ರಜೆ ಕಳೆದರೆ ಸರಿಹೋಗುತ್ತದೆ ಎಂದು ನಾನು ಊರಿಗೂ ಹೋಗದೆ ಆ ಹದಿನೈದು ದಿನ ಕೋಣೆಯಲ್ಲಿ ಅವ್ವನ ಸೀರೆ ಮಡಚಿ, ಬಿಚ್ಚಿ, ಮತ್ತೆ ಮಡಚಿ ಕಳೆದೆ.

ರಜೆ ಮುಗಿದು ಎರಡನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಸುತಳಿಯ ಮೇಲೆ ಹಸಿರು ಕಾಗದ ಒಂದೂ ಇರಲಿಲ್ಲ. ಹನ್ನೊಂದೂ ಮಾಯ. ಕೇಸರಿಯವು, ಬಿಳಿಯವು ಇದ್ದಲ್ಲೇ ಇದ್ದವು. ನಡುವೆ ಬರಿ ಸುತಳಿ, ಅದರ ಮೇಲೆ ಅವ್ವ ಹಾಕಿದ ಗಂಟುಗಳು. ಯಾರು ಕಿತ್ತದ್ದು ಎಂದು ಕೇಳಿದೆ. ನನಗೆ ಅನುಮಾನವೇ ಇರಲಿಲ್ಲ, ಆ ಚೀಟಿಯ ಮೇಲೆ ಸಿಟ್ಟಿದ್ದದ್ದು ಗೌರಿಗೆ. ಅವಳನ್ನು ಎಬ್ಬಿಸಿದೆ. ನಾನಲ್ರಿ ಎಂದಳು. ಮತ್ತೆ ಕೇಳಿದೆ, ಮತ್ತೆ ಅದೇ ಅಂದಳು. ಸುಳ್ಳು ಬೇರೆ ಹೇಳುತ್ತೀ ಎಂದು ಅವಳನ್ನು ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸಿದೆ. ಬೆಲ್ಲಾಗುವತನಕ ಅವಳು ಅಳದೆ ನಿಂತಿದ್ದಳು.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ರೆಹಾನಾ ನನ್ನ ಮೇಜಿನ ಹತ್ತಿರ ಬಂದಳು. ಚೀಟಿಗಳನ್ನು ತಾನೇ ತೆಗೆದದ್ದು ಎಂದಳು. ಯಾಕೆ ಎಂದೆ.

"ಅವು ಅಲ್ಲಿದ್ರ ಎಲ್ಲಾರೂ ನನ್ನ ಕಡಿ ನೋಡತಾರ್ರಿ. ಆ ರಾಜರು ನಮ್ಮೋರಲ್ರಿ ಟೀಚರ್. ನಮ್ಮಪ್ಪ ಕೋಠಿಯಾಗ ಅರಿವಿ ಗಂಟು ಹೊರತಾನ."

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಇತಿಹಾಸದ ಬಗ್ಗೆ ಅದಕ್ಕಿಂತ ದೊಡ್ಡ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ಆ ಮಾತು ಕೇಳಿ ನಾನು ಏನೆಂದೆ? ಕಾಗದ ಎಲ್ಲಿವೆ, ಹೆಡ್‌ಮಾಸ್ಟರು ಕೇಳಿದರೆ ನಾನೇನು ಹೇಳಲಿ ಎಂದೆ. ಹನ್ನೆರಡು ವರ್ಷದ ಹುಡುಗಿ ಎದೆಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟರೆ ನಾನು ಕಾಗದದ ಲೆಕ್ಕ ಕೇಳಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಏನೋ ಮುಗಿಯಿತು ಎಂಬಂತೆ ಹಿಂದಕ್ಕೆ ಹೋಗಿ ತನ್ನ ಬೆಂಚಿನಲ್ಲಿ ಕೂತಳು.

ಅಷ್ಟರಲ್ಲಿ ಇನ್ನೊಂದು ಶುರುವಾಗಿತ್ತು. ಡಬ್ಬಿ ಕೊಡಲು ಬಂದ ಯಾರೋ ಒಬ್ಬ ತಂದೆ ಕಿಟಕಿಯಿಂದ ಖಾಲಿ ಸುತಳಿಯ ಫೋಟೋ ಹೊಡೆದುಕೊಂಡು ವಾಟ್ಸಾಪಿಗೆ ಹಾಕಿದ್ದ. ಮರುದಿನ ಇಬ್ಬರು ಬಂದು ನಮ್ಮ ಸುಲ್ತಾನರನ್ನು ಯಾಕೆ ತೆಗೆದಿರಿ ಎಂದು ಹೆಡ್‌ಮಾಸ್ಟರನ್ನು ಕೇಳಿದರು. ಅದರ ಮರುದಿನ ಬೇರೆ ಇಬ್ಬರು ಬಂದು, ಅವರನ್ನು ಮೊದಲು ಹಾಕಿದ್ದೇ ಯಾಕೆ ಎಂದರು. ಹೆಡ್‌ಮಾಸ್ಟರು ಕೆಟ್ಟವರಲ್ಲ. ನಿವೃತ್ತಿಗೆ ಏಳೆಂಟು ತಿಂಗಳಿದ್ದ, ಬಿ.ಪಿ. ಮಾತ್ರೆ ನುಂಗುವ ಮನುಷ್ಯ. ಅವರಿಗೆ ಇದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಾಗದ ಏನಾದವು ಎಂದು ಕೇಳಿದರು. ಗಾಳಿಗೆ ಹಾರಿಹೋದವು ಎಂದೆ. ಹಸಿರನ್ನೇ ಆರಿಸಿ ಹಾರಿಸುವ ಗಾಳಿ ಯಾವುದೆಂದು ಅವರು ಕೇಳಲಿಲ್ಲ. ಸುತಳಿ ಬಿಚ್ಚಿಬಿಡಿ ಎಂದರು. "ಬುಕ್ಕುಲೋ ಉನ್ನದಿ ಚದಿವಿಂಚಂಡಿ ಮೇಡಂ, ಅಂತೇ." ಪುಸ್ತಕದಲ್ಲಿ ಇದ್ದದ್ದನ್ನು ಓದಿಸಿ, ಅಷ್ಟೇ ಸಾಕು.

ಸುತಳಿ ಬಿಚ್ಚಿ ಮತ್ತೆ ಉಂಡಿ ಸುತ್ತಿದೆ. ಗೌರಿಯ ಮೇಲೆ ಹಾಕಿದ ತಪ್ಪನ್ನು ಮಾತ್ರ ತೆಗೆಯಲಿಲ್ಲ. ಗೌರಿ ಅಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ, ರೆಹಾನಾಳ ಹೆಸರು ಹೊರಗೆ ಬಂದರೆ ನಾಳೆ ಅವಳ ಫೋಟೋ ವಾಟ್ಸಾಪಿನಲ್ಲಿ ತಿರುಗುತ್ತದೆ ಎಂದು ಹೆದರಿದೆ. ಹೆದರಿಕೆ ನಿಜವೇ. ಗೌರಿಯನ್ನು ಪಕ್ಕಕ್ಕೆ ಕರೆದು, ತಪ್ಪು ನನ್ನದವ್ವಾ ಎಂದು ಮೆಲ್ಲಗೆ ಹೇಳಲು ಯಾವ ವಾಟ್ಸಾಪೂ ಅಡ್ಡ ಬರುತ್ತಿರಲಿಲ್ಲ, ಅದೂ ನಿಜವೇ. ಬಾಯಿ ಬರಲಿಲ್ಲ. ಟೀಚರು ತಪ್ಪು ಒಪ್ಪಿಕೊಳ್ಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ತನ್ನ ಮೇಲೆ ಚಾಡಿ ಹೇಳಿದವಳು ರೆಹಾನಾ ಎಂದು ಗೌರಿ ತಿಳಿದುಕೊಂಡಳು. ಅವಳ ಜೊತೆ ಪೂರ್ತಿ ಮಾತು ಬಿಟ್ಟಳು.

ನವೆಂಬರಿನಲ್ಲಿ ಪುಸ್ತಕ ಬಂದವು. ಒಬ್ಬರು ಎದ್ದು ಒಂದು ಪುಟ ಓದುವುದು, ಕೂರುವುದು, ಇನ್ನೊಬ್ಬರು ಓದುವುದು. ನಾನು ನಡುವೆ ಒಂದು ಮಾತೂ ಸೇರಿಸುತ್ತಿರಲಿಲ್ಲ. ಭಕ್ತಿ ಪಂಥ, ಸೂಫಿಗಳು ಎಲ್ಲರೂ ಹಾಗೇ ಬಂದು ಹೋದರು. ಸರದಿ ಬಂದಾಗ ರೆಹಾನಾ ಪುಸ್ತಕದಲ್ಲಿದ್ದ ಕನ್ನಡ ಓದುತ್ತಿದ್ದಳು. ಪುಸ್ತಕ ಮುಚ್ಚಿದ ಮೇಲೆ ನಾನು ಏನು ಕೇಳಿದರೂ "ಜೀ ಟೀಚರ್" ಎಂದು ದಖ್ಖನಿಯಲ್ಲಿ ಉತ್ತರ. ನೀರು ಕುಡಿಯಲು ಹೋಗಬೇಕಾದರೂ ದಖ್ಖನಿ, ಹುಷಾರಿಲ್ಲ ಎನ್ನಲೂ ದಖ್ಖನಿ. ನನ್ನ ಜೊತೆ ಕನ್ನಡ ಆಡುವುದನ್ನೇ ನಿಲ್ಲಿಸಿದಳು. ಶಿಕ್ಷೆ ಕೊಡಬೇಕೆಂದು ಮಾಡಿದ್ದಿರಲಿಕ್ಕಿಲ್ಲ. ನನಗೆ ಮಾತ್ರ ಅವ್ವ ಆ ವರ್ಷ ಎರಡನೇ ಸಲ ಸತ್ತಳು. ಆ ಚಳಿಗಾಲದಲ್ಲಿ ಕೋಣೆಯಲ್ಲಿ ಕೂತು ನಾನು ಗೋಡೆಗೆ ಕೇಳುವಂತೆ ಒಬ್ಬಳೇ ಮಾತಾಡಿಕೊಂಡದ್ದುಂಟು.

ಏಪ್ರಿಲಿನಲ್ಲಿ ಮೌಲಾಸಾಬ್ ಮಗಳ ಟಿ.ಸಿ. ಕೇಳಿಕೊಂಡು ಬಂದ. ಹೆಗಲ ಮೇಲೆ ಟವೆಲ್ಲು, ಹಮಾಲಿಯಿಂದ ಒಂದು ಕಡೆ ವಾಲಿದ ಭುಜ. ಯಾಕಪ್ಪಾ, ಚೆನ್ನಾಗಿ ಓದುತ್ತಾಳಲ್ಲ, ಕನ್ನಡ ಬಿಡಿಸಬೇಡ ಎಂದೆ. ಅವನು ನನ್ನ ಮೇಲೆ ಯಾವ ದೂರೂ ಹೇಳಲಿಲ್ಲ.

"ಉರ್ದು ಸಾಲಿಗಿ ಹಾಕತೀನ್ರಿ ಬಾಯಾರ. ಅಲ್ಲಿ ಆಕಿ ಒಬ್ಬಾಕಿ ಆಗಂಗಿಲ್ಲ."

ನಾನು ಟಿ.ಸಿ. ಬರೆದು ಹೆಡ್‌ಮಾಸ್ಟರ ಸಹಿಗೆ ಕಳಿಸಿದೆ. ಅಪ್ಪ ಆಫೀಸಿನ ಮುಂದೆ ಕಾಯುತ್ತಿದ್ದಾಗ ರೆಹಾನಾ ಖಾಲಿ ತರಗತಿಗೆ ಬಂದಳು. ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಹಸಿರು ಚೀಟಿಗಳು. ಒಂದೂ ಮುದುಡಿರಲಿಲ್ಲ. ಐದಾರು ತಿಂಗಳ ಮೇಲೆ ಅವಳು ನನ್ನ ಜೊತೆ ಕನ್ನಡ ಆಡಿದಳು.

"ಹತ್ತ ಅದಾವ್ರಿ. ಅಷ್ಟೂರಿಂದು ನಾ ಇಟಗೊಂಡೀನಿ. ಅದು ಗೌರೀದು. ಆಕಿ ನನ್ನ ಜೋಡಿ ಮಾತಾಡಿದ ದಿನ ಆಕಿಗಿ ಕೊಡತೀನಿ."

ಚೆನ್ನಾಗಿ ಓದವ್ವಾ ಎಂದೆ. ಅದೊಂದೇ ನನ್ನ ಬಾಯಿಗೆ ಬಂದದ್ದು. ಹೂಂ ಎಂದು ಹೋದಳು. ಕಿಟಕಿಯಿಂದ ನೋಡಿದರೆ ಬಿಸಿಲಿನಲ್ಲಿ ಅಪ್ಪ ಮುಂದೆ, ಮಗಳು ಹಿಂದೆ, ಗೇಟು ದಾಟುತ್ತಿದ್ದರು. ಗೌರಿ ಆ ವಾರ ಊರಿಗೆ ಹೋಗಿದ್ದಳು.

ಜೂನಿನಲ್ಲಿ ಶಾಲೆ ಶುರುವಾದ ಮೊದಲ ದಿನವೇ ಗೌರಿಯನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ತೆಗೆದವಳು ರೆಹಾನಾ, ಅವಳೇ ಬಂದು ಒಪ್ಪಿಕೊಂಡಳು, ನಿನ್ನ ಮೇಲೆ ಅವಳು ಏನೂ ಹೇಳಿರಲಿಲ್ಲ, ಸುಮ್ಮನಿದ್ದು ನಿಮ್ಮಿಬ್ಬರನ್ನೂ ಕೆಡಿಸಿದವಳು ನಾನು ಎಂದೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಗೌರಿ, ರೆಹಾನಾಳ ಮನೆ ಎಲ್ಲಿದೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲಿದ್ದ ವಿಳಾಸದಲ್ಲಿ ಬೇರೆಯವರಿದ್ದರು. ಕೋಠಿಗೆ ಹೋಗಿ ಈ ಗಲ್ಲಿಯಲ್ಲಿ ವಿಚಾರಿಸಿದೆ, ಮೌಲಾಸಾಬ್ ಆ ಸೇಠನ ಕೆಲಸ ಬಿಟ್ಟು ಬೇರೆಲ್ಲೋ ಹೋದ ಎಂದರು. ಎಲ್ಲಿ ಎಂದು ಯಾರಿಗೂ ತಿಳಿದಿರಲಿಲ್ಲ. ಬರಿಗೈಯಲ್ಲಿ ಹೋಗಿ ಅದನ್ನು ಗೌರಿಗೆ ಹೇಳಿದ ದಿನ ಅವಳು ತನ್ನ ಚೀಲ ತೆಗೆದುಕೊಂಡು ಮೂರನೇ ಬೆಂಚಿಗೆ ಹೋಗಿ ಕೂತಳು. ವರ್ಷವಿಡೀ ಅಲ್ಲೇ, ಅರ್ಧ ಬೆಂಚು ಬಿಟ್ಟು ಕೂತಳು. ನಾನು ಎಂಟು ವರ್ಷ ಕೋಠಿಗೆ ಬಾರದೆ ಇದ್ದದ್ದು ಇದಕ್ಕೇ, ಲಿಂಗಂಪಲ್ಲಿಯಲ್ಲಿ ಎಲ್ಲ ಸಿಗುತ್ತದೆ ಎಂದಲ್ಲ.

ಅದರ ಮುಂದಿನ ವರ್ಷ ಮಕ್ಕಳು ಸಾಲದೆ ಕನ್ನಡ ಸೆಕ್ಷನ್ ಮುಚ್ಚಿತು. ನನ್ನನ್ನು ಲಿಂಗಂಪಲ್ಲಿ ಕಡೆಗೆ ಹಾಕಿದರು. ಈಗ ನಾನು ತೆಲುಗಿನಲ್ಲಿ ಪಾಠ ಮಾಡುತ್ತೇನೆ, ನನ್ನ ಉಚ್ಚಾರಕ್ಕೆ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಧರ್ಮವನ್ನು ಹೊರಗೆ ಬಿಟ್ಟು ಬನ್ನಿ ಎಂಬ ಭಾಷಣ ನಿಲ್ಲಿಸಿದ್ದೇನೆ. ಹೊರಗೆ ಬಿಟ್ಟರೆ ಅದು ಅಲ್ಲೇ ಕೂತು ಶಾಲೆ ಬಿಡುವುದನ್ನು ಕಾಯುತ್ತದೆ. ಒಳಗೇ ಬರಲಿ, ಬಂದು ಬೆಂಚಿನ ಮೇಲೆ ಎಲ್ಲರ ಪಕ್ಕ ಕೂರಲಿ. ಗುಡಿ ಒಡೆದದ್ದನ್ನೂ ಹೇಳುತ್ತೇನೆ, ಗುಡಿಗೆ ಜಮೀನು ಬಿಟ್ಟದ್ದನ್ನೂ ಹೇಳುತ್ತೇನೆ. ಹೇಳುವ ಮೊದಲು ಒಂದು ಮಾತು ತಪ್ಪದೆ ಹೇಳುತ್ತೇನೆ: ಈ ರಾಜರಿಗೆ ನಿಮ್ಮಲ್ಲಿ ಯಾರೂ ಮಕ್ಕಳಲ್ಲ, ನಿಮ್ಮಪ್ಪ ಏನು ಕೆಲಸ ಮಾಡುತ್ತಾನೆ ನೆನಪಿರಲಿ.

ಅಂಗಡಿಯವನು ಮತ್ತೆ ಕೇಳಿದ. ಪುಸ್ತಕಕ್ಕೆ ಹೊದಿಸುವ ಕಂದು ಕಾಗದ ಕೊಡು, ಎಲ್ಲವೂ ಅದೇ ಎಂದೆ. ಬಣ್ಣ ಬೇಡವೇ, ಮಕ್ಕಳಿಗೆ ಬಣ್ಣ ಇಷ್ಟವಲ್ಲವೇ ಎಂದ. ಬೇಡ ಎಂದೆ.

ಮೊನ್ನೆ ಸೋಮವಾರ ಅವ್ವನ ಸುತಳಿ ಉಂಡಿ ಬಿಚ್ಚಿ ಹೊಸ ಗೋಡೆಗೆ ಕಟ್ಟಿದೆ. ರಾಜರು, ಪ್ರವಾಸಿಗಳು, ಸಂತರು ಎಲ್ಲರೂ ಒಂದೇ ಕಂದು ಕಾಗದದಲ್ಲಿ, ಅವರವರ ಗೇಣಿನಲ್ಲಿ. ಬೀದರಿನ ಗೇಣಿನಲ್ಲಿ ಒಂದು ಕ್ಲಿಪ್ಪು ಖಾಲಿ ಬಿಟ್ಟಿದ್ದೇನೆ. ಇಲ್ಲಿ ಯಾಕೆ ಏನೂ ಇಲ್ಲ, ಮರೆತಿರಾ ಎಂದು ಒಂದು ಹುಡುಗಿ ತೆಲುಗಿನಲ್ಲಿ ಕೇಳಿದಳು. ಮರೆತಿಲ್ಲ, ಅಲ್ಲಿಯ ಕಾಗದ ಒಬ್ಬಳ ಹತ್ತಿರ ಇದೆ, ಅವಳು ಅದನ್ನು ತನ್ನ ಗೆಳತಿಗೆ ಕೊಡಬೇಕು, ಆಮೇಲೆ ನಮಗೆ ಬರುತ್ತದೆ ಎಂದೆ. ಯಾವಾಗ ಕೊಡುತ್ತಾಳೆ ಎಂದು ಕೇಳಿದಳು. ಅವರಿಬ್ಬರೂ ಸಿಕ್ಕ ದಿನ ಎಂದೆ. ಹುಡುಗಿ ಖಾಲಿ ಕ್ಲಿಪ್ಪನ್ನು ಒಮ್ಮೆ ಒತ್ತಿ, ಗಟ್ಟಿಯಾಗಿದೆಯೋ ಇಲ್ಲವೋ ನೋಡಿ, ತನ್ನ ಜಾಗಕ್ಕೆ ಹೋಗಿ ಕೂತಳು.